ಓಡಿದ್ದನ್ನೇ ಓದುವುದು

ಮೇಡಂ,

ನಾನು ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಹುಡುಗಿ. ಬಿಪಿಇಎಸ್ (ದೈಹಿಕ ಶಿಕ್ಷಣದ ಪದವಿ) ಎರಡನೇ ವರ್ಷದಲ್ಲಿದ್ದೇನೆ. ವಯಸ್ಸು 19, ತೂಕ 50 ಕೆ.ಜಿ. ಹೈಸ್ಕೂಲಿನಿಂದಲೂ 800 ಮೀಟರ್ ಓಡುತ್ತಿದ್ದೇನೆ. ಪಿಯುಸಿಯಲ್ಲಿ ರಾಜ್ಯ ಮಟ್ಟದವರೆಗೂ ಹೋಗಿದ್ದೆ. ಆ ಸರ್ಟಿಫಿಕೇಟು ನೋಡಿಯೇ ಇಲ್ಲಿ ಸೀಟು ಕೊಟ್ಟರು.

ಓಡುವುದು, ಆಡುವುದು ಇದ್ದರೆ ಸಾಕು ಅಂದುಕೊಂಡು ಬಂದವಳಿಗೆ ಈ ವರ್ಷ ಎಕ್ಸರ್‌ಸೈಜ್ ಫಿಸಿಯಾಲಜಿ ಅಂತ ಒಂದು ಪೇಪರ್ ಎದುರಾಗಿದೆ. ನಾನು ಪಿಯುಸಿಯಲ್ಲಿ ಆರ್ಟ್ಸ್, ಅದೂ ಕನ್ನಡ ಮಾಧ್ಯಮ. ಸರ್ ಬೋರ್ಡಿನ ಮೇಲೆ ಕ್ರೆಬ್ಸ್ ಸೈಕಲ್ ಬರೆಯುತ್ತಿದ್ದರೆ ಜಾತ್ರೆಯ ತೊಟ್ಟಿಲು ತಿರುಗಿದ ಹಾಗಾಗುತ್ತದೆ. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ತಿಳಿಯುವುದಿಲ್ಲ. ಗೈಡು ತಂದು ಬಾಯಿಪಾಠ ಮಾಡಿದೆ. ವಿಒ2 ಮ್ಯಾಕ್ಸ್ ಅಂದರೇನು ಅಂತ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುತ್ತೇನೆ, ಆದರೆ ಏನು ಹೇಳಿದೆ ಅಂತ ನನಗೇ ಗೊತ್ತಿರುವುದಿಲ್ಲ. ಮೊದಲ ಇಂಟರ್ನಲ್‌ನಲ್ಲಿ 30ಕ್ಕೆ 7 ಬಂತು.

ನನಗೆ ಹೊಟ್ಟೆ ಉರಿಯುವುದು ಏನೆಂದರೆ, ಓಟ ನನಗೆ ಗೊತ್ತು. ಮೊದಲ 200 ಮೀಟರ್ ಉಸಿರೇ ಬೇಡ ಅನ್ನುವಷ್ಟು ಹಗುರ. 600 ದಾಟಿತೋ, ಕಾಲು ಕಲ್ಲು. ಮುಗಿಸಿ ನಿಂತ ಮೇಲೂ ಎಷ್ಟೋ ಹೊತ್ತು ಏದುಸಿರು. ಇದನ್ನೆಲ್ಲ ಅನುಭವಿಸಿದವಳಿಗೆ 7, ಒಂದು ದಿನವೂ ಗ್ರೌಂಡಿಗೆ ಇಳಿಯದವರಿಗೆ 24. ಕೋಚ್ ಸರ್ ‘ಓಡೋರಿಗೆ ಇದೆಲ್ಲ ಯಾಕೆ, ಪಾಸಾದ್ರೆ ಸಾಕು’ ಅನ್ನುತ್ತಾರೆ. ನಮ್ಮವ್ವ ಫೋನಿನಲ್ಲಿ ‘ಓಡಾಕೂ ಓದಬೇಕೇನಬೇ?’ ಅಂತ ನಗುತ್ತಾಳೆ.

ಟೆನ್ಷನ್ನಿಗೋ ಏನೋ ಈಗ ಓಟವೂ ಕೆಟ್ಟಿದೆ. 2 ನಿಮಿಷ 21 ಸೆಕೆಂಡು ಇದ್ದದ್ದು 2:29ಕ್ಕೆ ಬಂದು ನಿಂತಿದೆ. ಹಾಸ್ಟೆಲಿನ ಮೂರನೇ ಮಹಡಿ ಹತ್ತಿದರೂ ಎದೆ ಹೊಡೆದುಕೊಳ್ಳುತ್ತದೆ. ಮಧ್ಯಾಹ್ನದ ಕ್ಲಾಸಿನಲ್ಲಿ ಕಣ್ಣು ಎಳೆಯುತ್ತದೆ. ಈ ಕೋರ್ಸು ಬಿಟ್ಟು ಬಿಎಗೆ ಸೇರಿಕೊಳ್ಳಲಾ?

— ಓಟದ ಹುಡುಗಿ

*

ಓಟದ ಹುಡುಗಿಗೆ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಇದು ಓದಿನ ತೊಂದರೆ ಅನ್ನಿಸಿತು. ಎರಡನೇ ಸಲ ಓದುವಾಗ ಕೊನೆಯ ನಾಲ್ಕು ಸಾಲು ಚುಚ್ಚಿತು. ಅವಸರದ ಮಾತು ಅದೇ. ಆದರೂ ಅದು ನಿನ್ನ ತಲೆಗೆ ಹೋಗಬೇಕಾದರೆ ಮೊದಲು ಒಂದಿಷ್ಟು ಪಾಠ ಆಗಬೇಕು, ಸ್ವಲ್ಪ ತಡೆದುಕೋ. ಮೂವತ್ತು ವರ್ಷ ಫಿಸಿಯಾಲಜಿ ಹೇಳಿ ಪಳಗಿದ ನಾಲಿಗೆ ನನ್ನದು, ಪಾಠ ಮಾಡದೆ ಸಲಹೆ ಕೊಡಲು ಬರುವುದಿಲ್ಲ. ನೀನು ಅಂತಲೇ ಕರೆಯುತ್ತೇನೆ, ನಿನ್ನ ಅಜ್ಜಿಯ ವಯಸ್ಸು ನನಗೆ.

‘ಹಗುರ, ಕಲ್ಲು, ಏದುಸಿರು’ ಅಂತ ಬರೆದೆಯಲ್ಲ, ಆ ಮೂರು ವಾಕ್ಯದಲ್ಲಿ ನಿನ್ನ ಸಿಲೆಬಸ್ಸಿನ ಕಾಲು ಭಾಗ ಇದೆ. ಅದನ್ನು ಉತ್ತರ ಪತ್ರಿಕೆಯಲ್ಲಿ ಬರೆಯಬಹುದು ಅಂತ ನಿನಗೆ ಯಾರೂ ಹೇಳಲಿಲ್ಲ, ಅಷ್ಟೇ.

ನಿಮ್ಮ ಮನೆಯ ಹಣಕಾಸು ಹೇಗೆ ನಡೆಯುತ್ತದೆ ನೋಡು. ಅಪ್ಪನ ಜೇಬಿನಲ್ಲಿ ಒಂದಿಷ್ಟು ಚಿಲ್ಲರೆ ಇರುತ್ತದೆ. ಅದು ಮುಗಿದರೆ ಪಕ್ಕದ ಮನೆಯಿಂದ ಕೈಗಡ. ಹಿಂದಿನ ಕಾಲದವರಾದರೆ ಅಂಗಳದ ಹಗೇವಿನಲ್ಲಿ ಜೋಳ ತುಂಬಿಟ್ಟಿರುತ್ತಿದ್ದರು, ಬೇಕಾದಾಗ ತೆಗೆದು ಮಾರುತ್ತಿದ್ದರು. ಊರಾಚೆ ಹೊಲ ಇದೆ. ಬೆಲೆ ಲಕ್ಷಗಟ್ಟಲೆ, ಆದರೆ ಬಸ್ ಚಾರ್ಜಿಗೆ ಹೊಲ ಮುರಿಸಲಾಗುವುದಿಲ್ಲ. ಮೈಯ ಶಕ್ತಿಯ ಲೆಕ್ಕವೂ ಹೀಗೇ. ಸ್ನಾಯು ನೇರವಾಗಿ ಖರ್ಚು ಮಾಡುವ ಎಟಿಪಿ ಜೇಬಿನ ಚಿಲ್ಲರೆ. ಇಡೀ ಮೈಯಲ್ಲಿ ಒಂದು ಹೊತ್ತಿಗೆ ಇರುವುದು ನೂರು ಗ್ರಾಮಿನ ಒಳಗೆ, ಜೋರಾಗಿ ಓಡಿದರೆ ಎರಡು ಮೂರು ಸೆಕೆಂಡಿಗೆ ಸಾಲುವಷ್ಟು. ಫಾಸ್ಫೋಕ್ರಿಯಾಟಿನ್ ಕೈಗಡ. ಕೇಳಿದ ತಕ್ಷಣ ಸಿಗುತ್ತದೆ, ಹತ್ತು ಸೆಕೆಂಡಿನ ಹೊತ್ತಿಗೆ ಬಹುಪಾಲು ಕರಗುತ್ತದೆ, ನಿಂತು ದಣಿವಾರಿಸಿಕೊಂಡರೆ ಮತ್ತೆ ತುಂಬುತ್ತದೆ. ಗ್ಲೈಕೋಜನ್ ಹಗೇವಿನ ಜೋಳ: ಸ್ನಾಯು, ಲಿವರ್ ಎರಡೂ ಸೇರಿ ನಿನ್ನ ಮೈಯಲ್ಲಿ ಕೆಲವು ನೂರು ಗ್ರಾಂ. ಕೊಬ್ಬು ಹೊಲ. ಐವತ್ತು ಕಿಲೋದ ತೆಳ್ಳಗಿನ ಹುಡುಗಿಯಲ್ಲೂ ಏಳೆಂಟು ಕಿಲೋ ಇರುತ್ತದೆ, ಗ್ರಾಮಿಗೆ 9 ಕಿಲೋಕ್ಯಾಲರಿಯಂತೆ ಅರವತ್ತು ಸಾವಿರ ಮಿಕ್ಕಿದ ಆಸ್ತಿ. 800 ಮೀಟರಿಗೆ ಮಾತ್ರ ಅದು ಹೊತ್ತಿಗೆ ಒದಗುವುದಿಲ್ಲ.

ಈಗ ಗೈಡಿನ ಒಂದು ತಪ್ಪು ತಿದ್ದಿಕೋ. ಹತ್ತು ಸೆಕೆಂಡಿನವರೆಗೆ ಒಂದು ವ್ಯವಸ್ಥೆ, ಅದು ನಿಂತ ಮೇಲೆ ಇನ್ನೊಂದು, ಆಮೇಲೆ ಮತ್ತೊಂದು ಅಂತ ಗೈಡು ರಿಲೇ ಓಟದ ಹಾಗೆ ಬರೆಯುತ್ತದೆ. ಹಾಗಿಲ್ಲ. ಪಿಸ್ತೂಲಿನ ಸದ್ದಿಗೆ ಮೂರೂ ನಲ್ಲಿ ಒಟ್ಟಿಗೇ ತೆರೆಯುತ್ತವೆ; ಆಮ್ಲಜನಕದ ನಲ್ಲಿಯಲ್ಲಿ ನೀರು ಪೂರ್ತಿ ರಭಸಕ್ಕೆ ಬರಲು ಒಂದೆರಡು ನಿಮಿಷ ಹಿಡಿಯುತ್ತದೆ. ಅಷ್ಟರವರೆಗೆ ಕೈಗಡದಲ್ಲೂ ಹಗೇವಿನ ಅವಸರದ ಮಾರಾಟದಲ್ಲೂ, ಅಂದರೆ ಆಮ್ಲಜನಕಕ್ಕೆ ಕಾಯದೆ ಗ್ಲೈಕೋಜನ್ ಒಡೆಯುವುದರಲ್ಲೂ, ಖರ್ಚು ತೂಗುತ್ತದೆ. ನಿನ್ನ ‘ಉಸಿರೇ ಬೇಡ ಅನ್ನುವ’ 200 ಮೀಟರ್ ಅದೇ. ನಿಂತ ಮೇಲಿನ ಏದುಸಿರು ಆ ಸಾಲ ತೀರಿಸುವ ಸದ್ದು. ಅಷ್ಟಾದರೂ ಒಟ್ಟು ಲೆಕ್ಕ ಹಾಕಿದರೆ 800 ಮೀಟರಿನ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಆಮ್ಲಜನಕದ ದಾರಿಯಿಂದಲೇ. ಇದನ್ನು ಕೇಳಿ ಬೆಚ್ಚಿಬೀಳುವ ಓಟಗಾರರನ್ನು ನಾನು ಬಹಳ ನೋಡಿದ್ದೇನೆ. ಈ ಮಾತನ್ನು ನೆನಪಿಟ್ಟುಕೋ, ಕೊನೆಗೆ ಬೇಕಾಗುತ್ತದೆ.

ಕೈಗಡ ಅಂದೆನಲ್ಲ, ಅದನ್ನು ಪತ್ತೆ ಮಾಡಿದವರಲ್ಲಿ ಒಬ್ಬರು ನಮ್ಮ ಪಕ್ಕದ ರಾಜ್ಯದವರು. 1895ರಲ್ಲಿ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬಾರಾವ್. ಮೆಟ್ರಿಕ್ ಪಾಸಾದದ್ದು ಮೂರನೇ ಸಲಕ್ಕೆ. ಮದ್ರಾಸಿನಲ್ಲಿ ಮೆಡಿಕಲ್ ಓದುವಾಗ ಖಾದಿ ತೊಟ್ಟದ್ದಕ್ಕೆ ಪ್ರೊಫೆಸರರ ಕಣ್ಣು ಕೆಂಪಾಗಿ, ಎಂಬಿಬಿಎಸ್ ಬದಲು ಅದಕ್ಕಿಂತ ಕೆಳಗಿನ ಎಲ್ಎಂಎಸ್ ಕೈಗೆ ಬಂತು. ಅಮೆರಿಕಕ್ಕೆ ಹೋಗಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಚಾಕರಿ ಮಾಡುತ್ತ ಹಾರ್ವರ್ಡಿನಲ್ಲಿ ಕೆಲಸ ಕಲಿತು, ಸೈರಸ್ ಫಿಸ್ಕ್ ಜೊತೆ 1927ರಲ್ಲಿ ಸ್ನಾಯುವಿನೊಳಗೆ ಫಾಸ್ಫೋಕ್ರಿಯಾಟಿನ್ ಇದೆ ಅಂತ ತೋರಿಸಿದರು. ಎರಡು ವರ್ಷದ ಮೇಲೆ ಎಟಿಪಿಯನ್ನೂ ಬೇರ್ಪಡಿಸಿದರು, ಅದೇ ಹೊತ್ತಿಗೆ ಜರ್ಮನಿಯಲ್ಲಿ ಲೋಮನ್ ಎಂಬ ವಿಜ್ಞಾನಿ ಕೂಡ. ಇಂಟರ್ನಲ್‌ನಲ್ಲಿ ಏಳು ಬಂದವಳು ಮೆಟ್ರಿಕ್ಕಿನಲ್ಲಿ ಎರಡು ಸಲ ಡುಮ್ಕಿ ಹೊಡೆದವರ ಕೆಲಸವನ್ನು ಓದುತ್ತಿದ್ದೀಯ. ನಾಚಿಕೆ ಬೇಡ.

ಇನ್ನೊಬ್ಬ ನಿನ್ನಂಥವನೇ, ಓಟದ ಹುಚ್ಚಿನವನು. ಎ.ವಿ. ಹಿಲ್, ಇಂಗ್ಲೆಂಡಿನವ. ಅವನೂ ಜೀವಶಾಸ್ತ್ರದಿಂದ ಶುರು ಮಾಡಿದವನಲ್ಲ, ಕೇಂಬ್ರಿಜ್‌ನಲ್ಲಿ ಮೊದಲು ಗಣಿತ ಮಾಡಿದವನು. ಮ್ಯಾಂಚೆಸ್ಟರಿನಲ್ಲಿದ್ದಾಗ ಬೆನ್ನಿಗೆ ಚೀಲ ಕಟ್ಟಿಕೊಂಡು ಹುಲ್ಲಿನ ಟ್ರ್ಯಾಕಿನಲ್ಲಿ ಓಡಿ, ತಾನು ಬಿಟ್ಟ ಉಸಿರನ್ನು ಆ ಚೀಲದಲ್ಲಿ ಹಿಡಿದು ಅಳೆದ. ವೇಗ ಹೆಚ್ಚಿದಂತೆ ಆಮ್ಲಜನಕದ ಬಳಕೆ ಹೆಚ್ಚುತ್ತದೆ, ಆದರೆ ಒಂದು ಮಟ್ಟದಲ್ಲಿ ಚಾವಣಿಗೆ ತಲೆ ತಗಲುತ್ತದೆ. ಅದರ ಮೇಲೆ ವೇಗ ಎಷ್ಟು ಏರಿಸಿದರೂ ಬಳಕೆ ಏರುವುದಿಲ್ಲ ಅಂತ 1923ರ ಸುಮಾರಿಗೆ ಬರೆದ. ನೀನು ನಿದ್ದೆಗಣ್ಣಲ್ಲಿ ಒಪ್ಪಿಸುವ ವಿಒ2 ಮ್ಯಾಕ್ಸ್ ಆ ಚಾವಣಿಯ ಹೆಸರು. 1922ನೇ ಸಾಲಿನ ನೊಬೆಲ್ ಪಡೆದ ಹಿಲ್ಲನಿಗೆ ಇನ್ನೊಂದು ನಂಬಿಕೆಯೂ ಇತ್ತು: ಲ್ಯಾಕ್ಟಿಕ್ ಆಸಿಡ್ ಇಲ್ಲದೆ ಸ್ನಾಯು ಕೆಲಸ ಮಾಡುವುದೇ ಇಲ್ಲ ಅಂತ. 1930ರಲ್ಲಿ ಡೆನ್ಮಾರ್ಕಿನ ಲುಂಡ್ಸ್‌ಗಾರ್ಡ್, ಲ್ಯಾಕ್ಟಿಕ್ ಆಸಿಡ್ ಹುಟ್ಟದಂತೆ ವಿಷ ಹಾಕಿದ ಸ್ನಾಯುವೂ ಕೊಂಚ ಹೊತ್ತು ಸಂಕುಚಿಸುತ್ತದೆ ಅಂತ ತೋರಿಸಿಬಿಟ್ಟ. ಅದಕ್ಕೆ ಶಕ್ತಿ ಬಂದದ್ದು ನಮ್ಮ ಸುಬ್ಬಾರಾಯರ ಫಾಸ್ಫೋಕ್ರಿಯಾಟಿನ್‌ನಿಂದ. ಹಿಲ್ ಹಟ ಹಿಡಿಯಲಿಲ್ಲ. ಸ್ನಾಯುಶಾಸ್ತ್ರದಲ್ಲಿ ಕ್ರಾಂತಿಯೇ ಆಗಿದೆ ಅಂತ ತಾನೇ ಮುಂದಾಗಿ ಬರೆದ. ವಿಜ್ಞಾನಿಗಳಲ್ಲಿ ಈ ಗುಣ ನಾವು ಅಂದುಕೊಂಡಷ್ಟು ಸಾಮಾನ್ಯವಲ್ಲ.

ಲ್ಯಾಕ್ಟಿಕ್ ಆಸಿಡ್ಡಿನ ಮಾತು ಬಂತಲ್ಲ, ಅಲ್ಲೇ ನಿಲ್ಲೋಣ. ನಿನ್ನ ಮೈ ಅನುಭವ ದೊಡ್ಡದು, ಆದರೆ ಅನುಭವಕ್ಕೆ ಗ್ರೌಂಡಿನವರು ಕೊಡುವ ಕಾರಣ ಎಷ್ಟೋ ಸಲ ಸುಳ್ಳು. 600ರ ಮೇಲೆ ಕಾಲು ಕಲ್ಲಾದರೆ ಸೀನಿಯರ್‌ಗಳು ‘ಲ್ಯಾಕ್ಟಿಕ್ ತುಂಬ್ತು’ ಅನ್ನುತ್ತಾರೆ. ಮಾರನೇ ದಿನ ತೊಡೆ ನೋವಾದರೂ ಅದೇ ಪಾಪದ ಲ್ಯಾಕ್ಟಿಕ್ಕಿನ ಮೇಲೆ ಗೂಬೆ. ಹತ್ತನೇ ತರಗತಿಯ ಪುಸ್ತಕವೂ ಸ್ನಾಯು ಸೆಳೆತಕ್ಕೆ ಅದನ್ನೇ ಹೊಣೆ ಮಾಡಿದೆ. ಓಟ ಮುಗಿದ ಒಂದು ಗಂಟೆಯೊಳಗೆ ರಕ್ತದ ಲ್ಯಾಕ್ಟೇಟ್ ಹೆಚ್ಚುಕಮ್ಮಿ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಮಾರನೇ ದಿನದ ನೋವಿಗೆ ಅದು ಹೇಗೆ ಕಾರಣವಾದೀತು? ಆ ನೋವು ಸ್ನಾಯುವಿನ ಎಳೆಗಳಿಗಾದ ಸಣ್ಣ ಪೆಟ್ಟಿನದು. ಅದಕ್ಕೇ ಗುಡ್ಡ ಹತ್ತಿದ್ದಕ್ಕಿಂತ ಇಳಿದದ್ದು ಹೆಚ್ಚು ನೋಯುತ್ತದೆ. ಲ್ಯಾಕ್ಟೇಟ್ ಕಸವೂ ಅಲ್ಲ, ಹೃದಯವೂ ಪಕ್ಕದ ಸ್ನಾಯುಗಳೂ ಉರಿಸುವ ಸೌದೆ. ಜಾರ್ಜ್ ಬ್ರೂಕ್ಸ್ ಎಂಬ ವಿಜ್ಞಾನಿ 1980ರ ದಶಕದಲ್ಲೇ ಇದನ್ನು ಹೇಳಿದ್ದಾರೆ. ಹಾಗಾದರೆ ಕಾಲು ಕಲ್ಲಾಗುವುದೇಕೆ? ಅವಸರದ ಮಾರಾಟದ ಜೊತೆಗೇ ಹುಟ್ಟುವ ಆಮ್ಲೀಯತೆ, ಕೈಗಡ ಒಡೆದಾಗ ಉಳಿಯುವ ಫಾಸ್ಫೇಟ್, ಸ್ನಾಯುವಿನಿಂದ ಹೊರಸೋರುವ ಪೊಟ್ಯಾಸಿಯಂ, ಇವುಗಳ ಮೇಲೆ ಮಿದುಳು. ಯಾರ ಪಾಲು ಎಷ್ಟು ಅನ್ನುವುದು ಪಂಡಿತರ ನಡುವೆ ಇನ್ನೂ ಬಗೆಹರಿಯದ ಪಾಲುಪಟ್ಟಿಯ ವ್ಯಾಜ್ಯ.

ಮಿದುಳಿನ ಪಾಲು ನನಗೆ ಮನದಟ್ಟಾದದ್ದು ಪುಸ್ತಕದಿಂದಲ್ಲ. ನಾವು ಓದುವಾಗ ಮೊಸ್ಸೊ ಎರ್ಗೋಗ್ರಾಫ್ ಅಂತ ಒಂದು ಪ್ರಾಕ್ಟಿಕಲ್ ಇತ್ತು. ಕೈಯನ್ನು ಹಲಗೆಗೆ ಬಿಗಿದು, ನಡುಬೆರಳಿಗೆ ದಾರ ಕಟ್ಟಿ, ದಾರದ ತುದಿಯ ತೂಕವನ್ನು ಲಯಬದ್ಧವಾಗಿ ಎತ್ತುತ್ತ ಹೋಗಬೇಕು. ಕೊನೆಗೆ ಬೆರಳು ಒಂದು ನೂಲೂ ಅಲ್ಲಾಡುವುದಿಲ್ಲ. ನಂದು ನಿಂತೇಹೋಯಿತು. ಪಕ್ಕದಲ್ಲಿದ್ದ ಗೆಳತಿ ‘ಏ, ಇನ್ನೊಂದೇ ಒಂದು, ಇನ್ನೊಂದು’ ಅಂತ ಕೂಗತೊಡಗಿದಳು ನೋಡು, ಸತ್ತಿದ್ದ ಬೆರಳು ಮತ್ತೆ ಏಳು ಸಲ ಎದ್ದಿತು! ಸ್ನಾಯು ಬರಿದಾಗಿದ್ದರೆ ಆ ಏಳು ಎಲ್ಲಿಂದ ಬಂದವು? ಕೊನೆಯ ತಿರುವಿನಲ್ಲಿ ನಿನ್ನ ಗೆಳತಿಯರು ಬೇಲಿಗೆ ಒರಗಿ ಕೂಗುತ್ತಾರಲ್ಲ, ಅದೂ ಫಿಸಿಯಾಲಜಿಯೇ.

ಪರೀಕ್ಷೆಯಲ್ಲಿ ಲ್ಯಾಕ್ಟಿಕ್ ಪ್ರಶ್ನೆ ಬಂದರೆ ಮೇಷ್ಟ್ರ ಜೊತೆ ಜಗಳಕ್ಕಿಳಿಯಬೇಡ. ‘ದಣಿವಿಗೆ ಇದೇ ಕಾರಣ ಎಂದು ಮೊದಲು ತಿಳಿಯಲಾಗಿತ್ತು’ ಅಂತ ಒಂದು ಪ್ಯಾರಾ, ‘ಈಗಿನ ತಿಳಿವಳಿಕೆಯಂತೆ’ ಅಂತ ಇನ್ನೊಂದು. ಹಳೆಯ ನೋಟ್ಸಿನವರೂ ಅಂಕ ಕೊಡುತ್ತಾರೆ, ಹೊಸದನ್ನು ಓದಿದವರೂ ಕೊಡುತ್ತಾರೆ.

ಇನ್ನು ಕ್ರೆಬ್ಸ್ ಸೈಕಲ್. ತೊಟ್ಟಿಲನ್ನು ಒಂದೇ ಸಲಕ್ಕೆ ಹತ್ತಬೇಡ. ಆಲೆಮನೆಗೆ ಹೋದವಳು ಕೇಳುವಂಥ ಪ್ರಶ್ನೆಗಳನ್ನೇ ಕೇಳು: ಒಳಗೆ ಏನು ಹೋಯಿತು, ಹೊರಗೆ ಏನು ಬಂತು, ಸಿಪ್ಪೆ ಎಲ್ಲಿಗೆ ಹೋಯಿತು? ಎರಡು ಇಂಗಾಲದ ಅಸಿಟೈಲ್ ಒಳಗೆ. ಎರಡು ಇಂಗಾಲ ಡೈಆಕ್ಸೈಡ್ ಆಗಿ ನಿನ್ನ ಬಾಯಿಂದ ಹೊರಗೆ. ಮಧ್ಯೆ ಕಿತ್ತುಕೊಂಡ ಹೈಡ್ರೋಜನ್‌ಗಳು ಪಕ್ಕದ ಎಲೆಕ್ಟ್ರಾನ್ ಸಾಲಿಗೆ. ಎಟಿಪಿಯ ರಾಶಿ ಬೀಳುವುದು ಅಲ್ಲಿ. ಆಮ್ಲಜನಕ ಈ ಚಕ್ರದೊಳಗೆ ಕಾಲಿಡುವುದೇ ಇಲ್ಲ, ಆ ಸಾಲಿನ ಕೊನೆಯಲ್ಲಿ ಕಾದು ನಿಂತು ಹೈಡ್ರೋಜನ್ನನ್ನು ನೀರಾಗಿ ಒಯ್ಯುತ್ತದೆ. ಈ ನಾಲ್ಕು ಮಾತು ಗಟ್ಟಿಯಾದ ಮೇಲೆ ನಡುವಿನ ಆಸಿಡ್ಡುಗಳ ಹೆಸರು ಸೇರಿಸಿಕೋ. ಅಂದಹಾಗೆ 1937ರಲ್ಲಿ ಕ್ರೆಬ್ಸ್ ಈ ಚಕ್ರದ ಬಗ್ಗೆ ಬರೆದು ಕಳಿಸಿದಾಗ ‘ನೇಚರ್’ ಪತ್ರಿಕೆ ಜಾಗವಿಲ್ಲ ಅಂತ ವಾಪಸು ಕಳಿಸಿತ್ತು. ಹದಿನಾರು ವರ್ಷದ ಮೇಲೆ ನೊಬೆಲ್ ಬಂತು.

ಇಂಗ್ಲಿಷಿನ ಭಯಕ್ಕೆ ಒಂದು ಗುಟ್ಟು ಹೇಳುತ್ತೇನೆ. ಈ ಶಾಸ್ತ್ರದ ಕಠಿಣ ಪದಗಳಲ್ಲಿ ಬಹಳಷ್ಟು ಗ್ರೀಕ್ ಮೂಲದವು, ಇಂಗ್ಲಿಷ್ ಮೀಡಿಯಂನವರಿಗೂ ಅವು ಅಷ್ಟೇ ಪರಕೀಯ. ಗ್ಲೈಕೋ ಅಂದರೆ ಸಿಹಿ, ಲೈಸಿಸ್ ಅಂದರೆ ಒಡೆಯುವುದು, ಗ್ಲೈಕೋಲಿಸಿಸ್ ಸಕ್ಕರೆಯ ಒಡೆತ. ಮಯೋ ಅಂದರೆ ಸ್ನಾಯು, ಕಾರ್ಡಿಯೋ ಹೃದಯ, ಟ್ಯಾಕಿ ವೇಗ, ಬ್ರಾಡಿ ನಿಧಾನ. ನಲವತ್ತು ತುಂಡು ಕಲಿತರೆ ನಾನೂರು ಪದ ಬಿಡಿಸಬಹುದು. ನಿನ್ನ ಹತ್ತನೇ ತರಗತಿಯ ಕನ್ನಡ ವಿಜ್ಞಾನ ಪುಸ್ತಕ ಮನೆಯಲ್ಲಿದ್ದರೆ ತರಿಸಿಕೊಂಡು ಉಸಿರಾಟ, ರಕ್ತ ಪರಿಚಲನೆಯ ಪಾಠ ಮೊದಲು ಓದು. ಸೆಳೆತಕ್ಕೆ ಲ್ಯಾಕ್ಟಿಕ್ ಕಾರಣ ಅನ್ನುವ ಆ ವಾಕ್ಯಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿಬಿಡು. ಆಮೇಲೆ ಲೈಬ್ರರಿಯಲ್ಲಿ ಗೈಟನ್ ಪುಸ್ತಕದ ಕ್ರೀಡಾ ಫಿಸಿಯಾಲಜಿಯ ಅಧ್ಯಾಯ. ಇಟ್ಟಿಗೆಯಂಥ ಪುಸ್ತಕ, ಆದರೆ ಆ ಅಧ್ಯಾಯ ಇಪ್ಪತ್ತು ಪುಟವೂ ಇಲ್ಲ. ಒಂದು ಪುಟ ಓದು, ಮುಚ್ಚು, ರೂಮ್‌ಮೇಟಿಗೆ ಹಾವೇರಿಯ ಭಾಷೆಯಲ್ಲೇ ಹೇಳು. ಹೇಳಲು ಬಾರದ ಜಾಗ ಯಾವುದೋ ಅದೇ ನಿನಗೆ ತಿಳಿಯದ ಜಾಗ. ಗೈಡು ಪರೀಕ್ಷೆಯ ಹಿಂದಿನ ವಾರ ಸಾಕು.

ಗೈಡಿಗಿಂತ ಮೊದಲು ನಿನಗೆ ಬೇಕಾದದ್ದು ಒಂದು ನೂರು ಪುಟದ ನೋಟ್‌ಬುಕ್ಕು. ಬೆಳಿಗ್ಗೆ ಕಣ್ಣು ಬಿಟ್ಟು ಎದ್ದು ಕೂರುವ ಮೊದಲೇ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ ಬರೆ. ಅಭ್ಯಾಸಕ್ಕೆ ಮೊದಲು, ಆದ ಮೇಲೆ ತೂಕ ನೋಡು. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಮ್ಮಿ ಒಂದು ಲೀಟರ್ ಬೆವರು. ಹನ್ನೆರಡು ನಿಮಿಷ ಓಡಿ ದೂರ ಅಳೆ. ಕೂಪರ್ ಎಂಬ ವೈದ್ಯರು 1968ರಲ್ಲಿ ಕೊಟ್ಟ ಸೂತ್ರ ಇದೆ: ಮೀಟರಿನಲ್ಲಿ ದೂರ, ಅದರಿಂದ 504.9 ಕಳೆ, 44.73ರಿಂದ ಭಾಗಿಸು. 2,700 ಮೀಟರ್ ಓಡಿದರೆ 49 ಬರುತ್ತದೆ, ಕಿಲೋ ತೂಕಕ್ಕೆ ನಿಮಿಷಕ್ಕೆ ಅಷ್ಟು ಮಿಲಿಲೀಟರ್ ಆಮ್ಲಜನಕ. ಅದು ಅಂದಾಜು, ಲ್ಯಾಬಿನ ಅಳತೆಯಲ್ಲ. ಅಂದಾಜು ಅಂದಾಗ ನೆನಪಾಯಿತು: 220ರಿಂದ ವಯಸ್ಸು ಕಳೆದರೆ ಗರಿಷ್ಠ ನಾಡಿ ಅಂತ ಬಾಯಿಪಾಠ ಮಾಡಿದ್ದೀಯಲ್ಲ, ಅದನ್ನು ಗೋಡೆಯ ಮೇಲೆ ಬರೆದ ಜಿಮ್ಮುಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಅದು ಯಾರೋ ಕೂತು ಪ್ರಯೋಗ ಮಾಡಿ ತೆಗೆದ ಸೂತ್ರವೇ ಅಲ್ಲ, ಹಳೆಯ ಅಂಕಿಗಳ ನಡುವೆ ಎಳೆದ ಗೆರೆ. ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಸಹಜ. 2001ರಲ್ಲಿ ಬಂದ ಇನ್ನೊಂದು ಸೂತ್ರದಂತೆ ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆದರೆ ನಿನಗೆ 195.

ಆ 195ನ್ನು ಇಟ್ಟುಕೊಂಡು ಒಂದು ಲೆಕ್ಕ ಮಾಡೋಣ. ಇದೊಂದು ಅರ್ಥವಾದರೆ ಅರ್ಧ ಪೇಪರ್ ನಿನ್ನದು. ಜರ್ಮನಿಯ ಫಿಕ್ 1870ರಲ್ಲಿ ಹೇಳಿದ ಮಾತು ಸಾದಾ: ಮೈ ನಿಮಿಷಕ್ಕೆ ಬಳಸುವ ಆಮ್ಲಜನಕ ಅಂದರೆ ಹೃದಯ ನಿಮಿಷಕ್ಕೆ ತಳ್ಳುವ ರಕ್ತ, ಅದನ್ನು ಪ್ರತಿ ಲೀಟರಿನಿಂದ ಅಂಗಾಂಗಗಳು ಕಿತ್ತುಕೊಳ್ಳುವ ಆಮ್ಲಜನಕದಿಂದ ಗುಣಿಸಬೇಕು. ನಿನ್ನ ಚಾವಣಿ ಕಿಲೋಗೆ 50 ಮಿಲಿಲೀಟರ್ ಅಂತ ಇಟ್ಟುಕೋ. ಐವತ್ತು ಕಿಲೋಗೆ 2,500. ಸುಮ್ಮನೆ ಕೂತಾಗ ಬೇಕಾಗುವ 175ರ ಹದಿನಾಲ್ಕು ಪಟ್ಟು. ಲೀಟರ್ ರಕ್ತದಿಂದ 150 ಮಿಲಿಲೀಟರ್ ಕಿತ್ತುಕೊಂಡರೆ, 2,500 ಭಾಗ 150, ಹದಿನಾರೂವರೆ ಲೀಟರಿಗೂ ಮಿಕ್ಕಿತು. ನಲ್ಲಿಯಿಂದ ಹೊತ್ತು ತರುತ್ತೀರಲ್ಲ, ಆ ಕೊಡದ ಅಳತೆ. ಮುಷ್ಟಿ ಗಾತ್ರದ ಹೃದಯ ಕೊನೆಯ ಸುತ್ತಿನಲ್ಲಿ ನಿಮಿಷಕ್ಕೊಂದು ಕೊಡ ಎತ್ತಿ ಸುರಿಯುತ್ತಿದೆ! ಅದನ್ನು 195ರಿಂದ ಭಾಗಿಸು, ಬಡಿತಕ್ಕೆ 85 ಮಿಲಿಲೀಟರ್, ಒಂದು ಸಣ್ಣ ಲೋಟ ಚಹಾದಷ್ಟು. ಅಭ್ಯಾಸದಿಂದ ದೊಡ್ಡದಾಗುವುದು ಮುಖ್ಯವಾಗಿ ಈ ಲೋಟ, ಬಡಿತದ ಗರಿಷ್ಠ ಸಂಖ್ಯೆ ಏರುವುದಿಲ್ಲ. 1966ರಲ್ಲಿ ಡಲ್ಲಾಸ್‌ನಲ್ಲಿ ಐವರು ಹುಡುಗರನ್ನು ಮೂರು ವಾರ ಹಾಸಿಗೆ ಬಿಟ್ಟೇಳದಂತೆ ಮಲಗಿಸಿದಾಗ ಅವರ ಚಾವಣಿ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು. ಮೂವತ್ತು ವರ್ಷ ಕಳೆದು ಅವರನ್ನೇ ಅಳೆದರೆ, ಅಷ್ಟು ವರ್ಷದ ಮುಪ್ಪು ಆ ಮೂರು ವಾರದಷ್ಟು ಹಾನಿ ಮಾಡಿರಲಿಲ್ಲ.

ಈಗ ನಿನ್ನ ಕೊನೆಯ ನಾಲ್ಕು ಸಾಲಿಗೆ ಬಂದೆ.

2:21 ಇದ್ದದ್ದು 2:29. ಮೆಟ್ಟಿಲಿಗೆ ಎದೆ ಬಡಿತ. ಮಧ್ಯಾಹ್ನ ತೂಕಡಿಕೆ. ಟೆನ್ಷನ್ ಅಂದುಕೊಂಡೆ. ಆಗಿರಲೂಬಹುದು. ಆದರೆ ಹತ್ತೊಂಬತ್ತು ವರ್ಷದ, ಹಾಸ್ಟೆಲಿನ ಊಟದ, ದಿನಾ ಓಡುವ ಹುಡುಗಿ ಹೀಗೆ ಬರೆದರೆ ಫಿಸಿಯಾಲಜಿ ಓದಿದವರ ಮನಸ್ಸಿಗೆ ಮೊದಲು ಬರುವುದು ಹಿಮೋಗ್ಲೋಬಿನ್. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಓಡುವವರಿಗೆ ಬೆವರು, ಮುಟ್ಟು, ನೆಲಕ್ಕೆ ಅಪ್ಪಳಿಸುವ ಪಾದದಲ್ಲಿ ಒಡೆಯುವ ರಕ್ತಕಣ, ಹೀಗೆ ಕಬ್ಬಿಣ ಸೋರಲು ಇನ್ನೂ ದಾರಿಗಳಿವೆ.

ಮೇಲಿನ ಲೆಕ್ಕಕ್ಕೇ ಇದನ್ನು ಕೂಡಿಸಿ ನೋಡು. ಒಂದು ಗ್ರಾಂ ಹಿಮೋಗ್ಲೋಬಿನ್ 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. ರಿಪೋರ್ಟಿನಲ್ಲಿ ಡೆಸಿಲೀಟರಿಗೆ 13.5 ಇದ್ದರೆ ಲೀಟರ್ ರಕ್ತದಲ್ಲಿ 135 ಗ್ರಾಂ, ಹೊರೆ 181 ಮಿಲಿಲೀಟರ್. ಅದರಲ್ಲಿ 150 ಕಿತ್ತುಕೊಳ್ಳಬಹುದು. ರಿಪೋರ್ಟಿನಲ್ಲಿ 9.5 ಇದ್ದರೆ? ಹೊರೆಯೇ 127. 150 ಕೀಳುವುದಿರಲಿ, ಅಷ್ಟು ಇರುವುದೇ ಇಲ್ಲ. ಹೃದಯ ನಿಮಿಷಕ್ಕೆ ಅದೇ ಒಂದು ಕೊಡ ಸುರಿದರೂ ಕೊಡದೊಳಗಿನ ಸರಕು ಕಡಿಮೆ. 800 ಮೀಟರಿನ ಅರ್ಧಕ್ಕಿಂತ ಹೆಚ್ಚು ಶಕ್ತಿ ಆಮ್ಲಜನಕದ್ದು ಅಂದೆನಲ್ಲ, ಎಂಟು ಸೆಕೆಂಡು ಎಲ್ಲಿ ಹೋಗಿರಬಹುದು ಅಂತ ಈಗ ನೀನೇ ಹೇಳು. ಮಧ್ಯಾಹ್ನದ ಕ್ಲಾಸು ತಲೆಗೆ ಹತ್ತದಿರುವುದಕ್ಕೂ ಕ್ರೆಬ್ಸ್ ಒಬ್ಬನೇ ಕಾರಣ ಇರಲಿಕ್ಕಿಲ್ಲ. ನೀನು ಎರಡು ಸಮಸ್ಯೆ ಅಂತ ಬರೆದದ್ದರ ಬೇರು ಒಂದೇ ಕಡೆ ಇರಬಹುದು.

ಪತ್ರ ಓದಿ ರೋಗ ಹೇಳುವುದು ನನ್ನ ಕೆಲಸವಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗಿ ಡಾಕ್ಟರರಿಗೆ ಇಷ್ಟನ್ನೂ ಹೇಳು, ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ನೋಡಿಸಬಹುದಾ ಅಂತ ಕೇಳು. ಓಡುವವರಲ್ಲಿ ರಕ್ತದ ನೀರಿನಂಶವೇ ಹೆಚ್ಚಿ ಹಿಮೋಗ್ಲೋಬಿನ್ ತುಸು ಕಡಿಮೆ ಕಾಣುವುದುಂಟು, ಅದು ಕಾಯಿಲೆಯಲ್ಲ. ಕಬ್ಬಿಣದ ದಾಸ್ತಾನು ನಿಜವಾಗಿ ಖಾಲಿಯಾಗಿದೆಯಾ ಅನ್ನುವುದಕ್ಕೆ ಫೆರಿಟಿನ್ ಬೇಕು. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಅನ್ನುತ್ತಾರೆ. ಮೆಡಿಕಲ್ ಶಾಪಿನಿಂದ ನೀನೇ ಗುಳಿಗೆ ತಂದು ನುಂಗಬೇಡ, ವಿಷಯ ಅದೇ ಅಂತ ಗೊತ್ತಾಗಲಿ ಮೊದಲು. ಅಷ್ಟರೊಳಗೆ ಒಂದು ಮಾಡಬಹುದು: ಊಟದ ಬೆನ್ನಿಗೇ ಚಹಾ ಕುಡಿಯುವುದನ್ನು ಬಿಡು, ಸೊಪ್ಪು ಕಾಳಿನ ಕಬ್ಬಿಣವನ್ನು ಅದು ಕರುಳಿನಲ್ಲೇ ತಡೆಯುತ್ತದೆ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೋ, ಅದು ಒಳಗೆ ಬಿಡುತ್ತದೆ.

ಇನ್ನೊಂದು ಪ್ರಶ್ನೆ, ಕೇಳದೆ ಇರಲಾರೆ. ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುತ್ತಿದೆಯಾ? ‘ಅಭ್ಯಾಸ ಜೋರಾದರೆ ನಿಲ್ಲುತ್ತೆ, ಒಳ್ಳೇದೇ ಆಯ್ತು’ ಅಂತ ಗ್ರೌಂಡಿನಲ್ಲಿ ಹುಡುಗಿಯರು ಮಾತಾಡಿಕೊಳ್ಳುವುದನ್ನು ಕೇಳಿದ್ದೇನೆ. ಒಳ್ಳೇದಲ್ಲ. ಖರ್ಚಿಗೆ ತಕ್ಕಷ್ಟು ಉಣ್ಣದಿದ್ದರೆ ದೇಹ ಮೊದಲು ಮುಚ್ಚುವ ಅಂಗಡಿಗಳಲ್ಲಿ ಅದೊಂದು, ಆಮೇಲೆ ಮೂಳೆ ಸವೆಯುತ್ತದೆ. ಡಾಕ್ಟರ್ ಎದುರು ಸಂಕೋಚ ಬೇಡ.

ನಿಮ್ಮ ಕೋಚ್ ಸರ್ ಕೆಟ್ಟವರಲ್ಲ, ಅವರಿಗೂ ಯಾರೋ ಹಾಗೇ ಹೇಳಿರುತ್ತಾರೆ. ಆದರೆ ‘ಓಡೋರಿಗೆ ಇದೆಲ್ಲ ಯಾಕೆ’ ಅನ್ನುವವರು ಎಂಟು ಸೆಕೆಂಡು ಹಿಂದೆ ಬಿದ್ದ ಹುಡುಗಿಗೆ ಹೇಳುವ ಮದ್ದು ಸಾಮಾನ್ಯವಾಗಿ ಒಂದೇ: ಇನ್ನೆರಡು ಸುತ್ತು ಜಾಸ್ತಿ ಓಡು.

ಬಿಎಗೆ ಹೋಗುವ ಮಾತು. ಈ ಪೇಪರಿನ ಹೆದರಿಕೆಗಾಗಿ ಹೋಗಬೇಡ, ಅಷ್ಟೇ. ಮುಂದಿನ ದಾರಿ ಹೂವಿನ ಹಾಸಿಗೆ ಅಂತ ಸುಳ್ಳು ಹೇಳಲಾರೆ. ಬರೀ ಬಿಪಿಇಎಸ್ ಹಿಡಿದುಕೊಂಡು ಎಕ್ಸರ್‌ಸೈಜ್ ಫಿಸಿಯಾಲಜಿಸ್ಟ್ ಆಗುವುದಿಲ್ಲ. ಹೈಸ್ಕೂಲಿನ ದೈಹಿಕ ಶಿಕ್ಷಕಿಯಾಗಲು ಬಿಪಿಇಡಿ ಬೇಕು. ಈ ವಿಷಯವೇ ಹಿಡಿಸಿದರೆ ಕ್ರೀಡಾ ವಿಜ್ಞಾನದಲ್ಲಿ ಎಂಎಸ್ಸಿ ಇದೆ. ಮಣಿಪಾಲದಲ್ಲಿ ಓದಿಸುತ್ತಾರೆ, ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ, ಖಾಸಗಿ ಅಕಾಡೆಮಿಗಳಲ್ಲಿ ಇಂಥವರಿಗೆ ಕೆಲಸವೂ ಉಂಟು. ಆದರೆ ಸೇರುವ ಮೊದಲು ನಿನ್ನ ಡಿಗ್ರಿಗೆ ಅಲ್ಲಿ ಪ್ರವೇಶ ಇದೆಯಾ ಅಂತ ಬರವಣಿಗೆಯಲ್ಲಿ ಕೇಳಿ ತಿಳಿದುಕೋ. ಅದು ಇನ್ನೂ ಒಂದೂವರೆ ವರ್ಷದ ಆಚಿನ ಮಾತು.

ಎರಡನೇ ಇಂಟರ್ನಲ್ ಯಾವಾಗ ಅಂತ ನೀನು ಬರೆದಿಲ್ಲ. ಯಾವಾಗಾದರೂ ಇರಲಿ, ಈ ವಾರವೇ ಒಂದು ಬೆಳಿಗ್ಗೆ ಅಭ್ಯಾಸ ತಪ್ಪಿಸಿ ರಕ್ತ ಕೊಟ್ಟು ಬಾ. ರಿಪೋರ್ಟಿನಲ್ಲಿ ಬಂದ ಸಂಖ್ಯೆಯನ್ನು ಹತ್ತರಿಂದ ಗುಣಿಸು, ಮತ್ತೆ 1.34ರಿಂದ ಗುಣಿಸು. ಉತ್ತರ ಎಷ್ಟು ಬಂತು, ಅದರಿಂದ 150 ಕೀಳಬಹುದಾ ಇಲ್ಲವಾ, ನಿನ್ನ ನೂರು ಪುಟದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕನ್ನಡದಲ್ಲೇ ಬರೆದು, ಆ ಪುಟದ ಫೋಟೊ ನನಗೆ ಕಳಿಸು.